ಪೂರಿಗಾಲಿಯವರಿಗೆ ನಾಲ್ಕು ಬೆರಳು ಹೆಚ್ಚು ನೋಟ

ಮಳವಳ್ಳಿ ಬಸ್ ನಿಲ್ದಾಣದಿಂದ ಪೇಟೆ ಬೀದಿಗೆ ತಿರುಗುವ ಮೂಲೆಯಲ್ಲಿ ಚೂಡಾಮಣಿ ಆಪ್ಟಿಕಲ್ಸ್ ಎಂಬ ಅಂಗಡಿಯಿದೆ. ಅದರ ಮಾಲೀಕ ಪಾರ್ಥಸಾರಥಿಯವರು ಇಪ್ಪತ್ತಾರು ವರ್ಷಗಳಿಂದ ತಾಲ್ಲೂಕಿನ ಜನರ ಮೂಗಿನ ಮೇಲೆ ಕನ್ನಡಕ ಕೂರಿಸುತ್ತ ಬಂದವರು. ಅಂಗಡಿಗೆ ಹೆಂಡತಿಯ ಹೆಸರಿಟ್ಟಿದ್ದು ಪ್ರೀತಿಯಿಂದ ಎಂದು ಅವರು ಹೇಳುತ್ತಾರೆ. ಮಳಿಗೆ ತಮ್ಮಪ್ಪನದಾದ್ದರಿಂದ ಎಂದು ಚೂಡಾಮಣಿಯವರು ಹೇಳುತ್ತಾರೆ. ಇದೊಂದು ಬಿಟ್ಟರೆ ದಂಪತಿಗಳ ನಡುವೆ ಭಿನ್ನಾಭಿಪ್ರಾಯ ಇರಲಿಲ್ಲ, ಸರ್ಟಿಫಿಕೇಟು ಬರುವ ತನಕ.

ಪಾರ್ಥಸಾರಥಿಯವರಿಗೆ ಹಳೆಯ ಕೊರಗೊಂದಿತ್ತು. ಅವರು ಓದಿದ್ದು ಆಪ್ಟೊಮೆಟ್ರಿ, ಅಂದರೆ ಕಣ್ಣು ಪರೀಕ್ಷಿಸುವ ವಿದ್ಯೆ. ಜನ ಕರೆಯುತ್ತಿದ್ದುದು ಮಾತ್ರ 'ಕನ್ನಡಕದ ಐನೋರು' ಎಂದು. ಪಕ್ಕದ ಚಪ್ಪಲಿ ಅಂಗಡಿಗೂ ತಮ್ಮ ಅಂಗಡಿಗೂ ಊರು ಕಂಡ ವ್ಯತ್ಯಾಸ, ಅಲ್ಲಿ ಕಾಲು ಚಾಚಬೇಕು, ಇಲ್ಲಿ ಮುಖ ಚಾಚಬೇಕು ಎಂಬಷ್ಟೇ. ಹೀಗಿರುವಾಗ ಮಂಡ್ಯದಲ್ಲಿ ಅವರ ವೃತ್ತಿಯವರ ಸಂಘ 'ಕಣ್ಣಿನ ಕಾಯಿಲೆಗಳ ನಿರ್ವಹಣೆ' ಎಂಬ ಒಂದು ದಿನದ ಶಿಬಿರ ಏರ್ಪಡಿಸಿತು. ವೃತ್ತಿಯಲ್ಲಿರುವವರೂ ಕಲಿಯುತ್ತಲೇ ಇರಬೇಕು ಎಂಬುದು ಸಂಘದ ಅಭಿಪ್ರಾಯ. ಪಾರ್ಥಸಾರಥಿಯವರು ಐವತ್ನಾಲ್ಕನೆಯ ವಯಸ್ಸಿನಲ್ಲಿ ಹೊಸ ನೋಟ್‌ಬುಕ್ಕನ್ನೂ ಒಂದು ಹಸಿರು ಇಂಕಿನ ಪೆನ್ನನ್ನೂ ಕೊಂಡರು. ಹಸಿರು ಇಂಕಿನಲ್ಲಿ ಬರೆಯುವವರು ಗೆಜೆಟೆಡ್ ಅಧಿಕಾರಿಗಳೆಂಬುದು ಅವರಿಗೆ ತಿಳಿಯದ ವಿಷಯವೇನಲ್ಲ.

ಪಾಠ ಮಾಡಿದವರು ಡಾಕ್ಟರ್ ಚಿತ್ರಾ. ಗ್ಲಾಕೋಮಾ ಎಂಬ ಕಾಯಿಲೆಯ ಬಗ್ಗೆ ಆಕೆ ಹೇಳಿದ್ದನ್ನು ಪಾರ್ಥಸಾರಥಿಯವರು ಹಸಿರು ಇಂಕಿನಲ್ಲಿ ಚಾಚೂ ತಪ್ಪದೆ ಬರೆದುಕೊಂಡರು. ಕಣ್ಣಿನೊಳಗೆ ಒತ್ತಡ ಏರಿ ನೋಟವನ್ನು ಅಂಚಿನಿಂದ ತಿನ್ನುತ್ತ ಬರುತ್ತದೆ. ನೋವಿಲ್ಲ, ಕೆಂಪಿಲ್ಲ. ನಡುವಿನ ನೋಟ ಕೊನೆಯವರೆಗೂ ಚೆನ್ನಾಗಿರುವುದರಿಂದ ಗೋಡೆಯ ಅಕ್ಷರದ ಚಾರ್ಟನ್ನು ಕಟ್ಟಕಡೆಯ ಸಾಲಿನವರೆಗೆ ಓದಬಹುದು. ಕಣ್ಣಿನ ಯಜಮಾನನಿಗೆ ಗೊತ್ತಾಗುವುದು ಎಲ್ಲರಿಗಿಂತ ಕೊನೆಗೆ.

ಇದನ್ನು ಹಳ್ಳಿಗಳಲ್ಲಿ ಯಂತ್ರವಿಲ್ಲದೆ ಪತ್ತೆಹಚ್ಚಲು ಆಕೆ ಒಂದು ಉಪಾಯ ಹೇಳಿಕೊಟ್ಟರು. ಎರಡು ಕುರ್ಚಿ ಎದುರುಬದುರು ಹಾಕಿ. ರೋಗಿ ಎಡಗಣ್ಣು ಮುಚ್ಚಿಕೊಂಡರೆ ನೀವು ಬಲಗಣ್ಣು ಮುಚ್ಚಿಕೊಳ್ಳಿ. ಒಬ್ಬರ ಕಣ್ಣನ್ನೊಬ್ಬರು ನೋಡುತ್ತಿರಿ. ನಿಮ್ಮ ಎಡಗೈ ಬೆರಳನ್ನು ದೂರದಿಂದ ಇಬ್ಬರ ನಡುವಿಗೆ ಮೆಲ್ಲಗೆ ತನ್ನಿ. ನಿಮಗೆ ಕಂಡ ಗಳಿಗೆಯಲ್ಲೇ ಅವರಿಗೂ ಕಾಣಬೇಕು. ಅವರಿಗೆ ತಡವಾಗಿ ಕಂಡರೆ ಆ ಕಣ್ಣಿನ ಅಂಚು ಸವೆದಿದೆ ಎಂದರ್ಥ. ಅವರಿಗೆ ಮೊದಲೇ ಕಂಡರೆ ಏನರ್ಥ ಎಂದು ಸಭೆಯಲ್ಲಿ ಯಾರೂ ಕೇಳಲಿಲ್ಲ.

ಆ ಪ್ರಶ್ನೆಗೆ ಉತ್ತರವಿದ್ದದ್ದು ಕೊನೆಯ ಗಂಟೆಯ ಪಾಠದಲ್ಲಿ. ಆದರೆ ಮುಖ್ಯ ಅತಿಥಿಗಳಿಗೆ ನಾಲ್ಕು ಗಂಟೆಗೆ ಹೊಳಲಿನಲ್ಲಿ ಇನ್ನೊಂದು ಉದ್ಘಾಟನೆ ಇತ್ತು. ಆದ್ದರಿಂದ ನಮ್ಮ ಕಡೆಯ ಸಂಪ್ರದಾಯದಂತೆ ಸರ್ಟಿಫಿಕೇಟುಗಳನ್ನು ಪಾಠ ಮುಗಿಯುವ ಮುಂಚೆಯೇ ಹಂಚಲಾಯಿತು. ಸರ್ಟಿಫಿಕೇಟು ಕೈಗೆ ಬಂದ ಮೇಲೆ ಕುರ್ಚಿಯಲ್ಲಿ ಕೂತಿರುವ ಮನುಷ್ಯ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ. ಅತಿಥಿಗಳ ಕಾರಿನ ಹಿಂದೆಯೇ ಸಭೆಯೂ ಹೊರಟಿತು. ಪಾರ್ಥಸಾರಥಿಯವರು ಮದ್ದೂರಿನ ಬಸ್ಸು ಹಿಡಿದರು. ಬಸ್ಸು ಐದೂವರೆಗೆ ಇದ್ದ ಕೆರಗೋಡಿನ ಸಿದ್ದೇಶ್ ಮುಂತಾದ ಏಳು ಜನ ಮಾತ್ರ ವಿಧಿಯಿಲ್ಲದೆ ಉಳಿದರು. ಆ ಏಳು ಜನಕ್ಕೆ ಡಾಕ್ಟರ್ ಚಿತ್ರಾ ಹೇಳಿದ್ದಿಷ್ಟು: ಈ ಪರೀಕ್ಷೆಯಲ್ಲಿ ಅಳತೆಗೋಲು ಅಂದರೆ ಪರೀಕ್ಷೆ ಮಾಡುವವರ ಕಣ್ಣೇ, ಆದ್ದರಿಂದ ಊರಿನವರನ್ನು ಅಳೆಯುವ ಮುಂಚೆ ನಿಮ್ಮ ಕಣ್ಣನ್ನು ಯಾರಿಂದಾದರೂ ಅಳೆಸಿಕೊಳ್ಳಿ. ಏಳೂ ಜನ ಒಬ್ಬರನ್ನೊಬ್ಬರು ಅಳೆದುಕೊಂಡರು.

ಪಾರ್ಥಸಾರಥಿಯವರಿಗೆ ಈ ಮಾತು ತಲುಪಲು ಮೂರು ತಿಂಗಳು ಹಿಡಿಯಿತು. ಅವರ ಎಡಗಣ್ಣಿನ ಅಂಚು ಸವೆದು ಆಗಲೇ ವರ್ಷಗಳಾಗಿದ್ದವು. ಓದುಗರಿಗೆ ಇದನ್ನು ಬಚ್ಚಿಡುವುದರಿಂದ ನನಗೇನೂ ಲಾಭವಿಲ್ಲ. ಅವರಿಗೆ ಹೇಳಬೇಕಿತ್ತು, ಹೇಳುವವರು ಯಾರೂ ಇರಲಿಲ್ಲ, ಅದೇ ಸಂಕಟ.

ಸರ್ಟಿಫಿಕೇಟಿಗೆ ಚಿನ್ನದ ಬಣ್ಣದ ಕಟ್ಟು ಹಾಕಿಸಿದರು. ಅಂಗಡಿಯಲ್ಲಿ ಅದಕ್ಕೆ ತಕ್ಕ ಜಾಗ ಒಂದೇ ಇತ್ತು, ಅಲ್ಲಿ ವೆಂಕಟರಮಣಸ್ವಾಮಿ ಇದ್ದ. ಸ್ವಾಮಿಯನ್ನು ಒಂದು ಮೊಳ ಪಕ್ಕಕ್ಕೆ ಸರಿಸಿದಾಗ ಚೂಡಾಮಣಿಯವರು ಒಳ್ಳೆಯದಾಗುವುದಿಲ್ಲ ಎಂದಷ್ಟೇ ಹೇಳಿದರು. ಮಾರನೆಯ ವಾರದಿಂದಲೇ ಒಳ್ಳೆಯದಾಗದಿರಲು ಶುರುವಾಯಿತು.

ಮೊದಲು ಮುನಿಸಿಕೊಂಡವನು ಚೂಡಾಮಣಿಯವರ ತಮ್ಮ ಸುದರ್ಶನ್. ಅವನು ಮದ್ದೂರಿನಲ್ಲಿ ಹೈಸ್ಕೂಲು ಮೇಷ್ಟ್ರು. ನಮಸ್ಕಾರ ಹೇಳದೆ ಹೋದ ಹುಡುಗರನ್ನು ಬಾಗಿಲಾಚೆ ನಿಲ್ಲಿಸುತ್ತ ಇಪ್ಪತ್ತೆಂಟು ವರ್ಷ ನೌಕರಿ ಮಾಡಿದವನು. ಅವನು ಮದ್ದೂರು ಬಸ್ ನಿಲ್ದಾಣದಲ್ಲಿ ತನ್ನ ಗೃಹಪ್ರವೇಶದ ಪತ್ರಿಕೆ ಹಿಡಿದು, ಭಾವನ ಎಡಗಡೆ ಎರಡು ಮಾರು ದೂರದಲ್ಲಿ, ಮುಖದ ತುಂಬ ನಗುತ್ತ ನಿಂತಿದ್ದ. ಭಾವ ಅವನನ್ನು ದಾಟಿಕೊಂಡು ಹೋಗಿ ಬಸ್ಸು ಹತ್ತಿದರು. ಸುದರ್ಶನ್ ಆ ನಗುವನ್ನು ಎಲ್ಲಿ ಇಡುವುದೆಂದು ತಿಳಿಯದೆ ಒಂದು ನಿಮಿಷ ಹಾಗೇ ನಿಂತಿದ್ದನಂತೆ. ಆಮೇಲೆ ಅಕ್ಕನಿಗೆ ಫೋನ್ ಮಾಡಿ, ನಿಮ್ಮ ಯಜಮಾನರಿಗೆ ಈಗ ನಮ್ಮಂಥವರು ಕಾಣಿಸುವುದಿಲ್ಲ ಎಂದ. ಅವನು ಆಡಿದ್ದು ಕೊಂಕಿನ ಮಾತು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಗೃಹಪ್ರವೇಶಕ್ಕೆ ಚೂಡಾಮಣಿಯವರು ಗಂಡನನ್ನು ಎಳೆದುಕೊಂಡು ಹೋದರು. ಊಟದ ಪಂಕ್ತಿಯಲ್ಲಿ ಪಾರ್ಥಸಾರಥಿಯವರು ಪಕ್ಕದವರಿಗೆ ಅಂಚಿನಿಂದ ಕುರುಡಾಗುವ ಕಾಯಿಲೆಯನ್ನು ವಿವರಿಸುತ್ತಿದ್ದರು. ನೋಟ ಎಷ್ಟು ವಿಶಾಲ ಎಂದು ತೋರಿಸಲು ಎಡಗೈ ಚಾಚಿದರು. ಎಡಗಡೆಯಿಂದ ಸುದರ್ಶನ್ ಸ್ವತಃ ಪಾಯಸದ ಬಕೆಟ್ಟು ಹಿಡಿದು ಬಗ್ಗಿದ್ದ. ಪಾಯಸವೆಲ್ಲ ಹೋಗಿ ಅವನ ಹೆಡ್‌ಮಾಸ್ಟರರ ಹೊಸ ಪಂಚೆಯ ಮೇಲೆ ಬಿತ್ತು. ಸುದರ್ಶನ್ ಶಾವಿಗೆಯನ್ನು ಒಂದೊಂದೇ ಎಳೆ ಹೆಕ್ಕಿದ. ಬಸ್ಸಿನಲ್ಲಿ ಮಳವಳ್ಳಿಯ ತನಕ ಕಿಟಕಿಯಾಚೆ ನೋಡುತ್ತ ಕೂತಿದ್ದ ಚೂಡಾಮಣಿಯವರು ಇಳಿಯುವಾಗ ಬಾಯಿ ಬಿಟ್ಟರು.

"ನೀವು ಬೇಕು ಅಂತಲೇ ಮಾಡಿದ್ರಿ. ಒಂದು ಕಾಗದ ಗೋಡೆಗೆ ಹಾಕಿಕೊಂಡ ಮೇಲೆ ನೀವು ಮನುಷ್ಯರನ್ನ ನೋಡೋದೇ ಬಿಟ್ಟಿದ್ದೀರಿ."

ಊರಿನ ಅಭಿಪ್ರಾಯವೂ ಅದೇ ಆಗಿತ್ತು. ಎಡಗಡೆಯಿಂದ ಬಂದವರೆಲ್ಲ, ಐನೋರಿಗೆ ಗರ್ವ ಬಂದಿದೆ ಎಂದರು. ಬಲಗಡೆಯಿಂದ ಬಂದವರು, ಇಲ್ಲವಲ್ಲ, ಮಾತಾಡಿಸಿದರಲ್ಲ ಎಂದರು. ಹೀಗೆ ಪೇಟೆ ಬೀದಿ ಎರಡು ಪಕ್ಷವಾಯಿತು. ಪಾರ್ಥಸಾರಥಿಯವರಿಗೆ ಇದು ವಿದ್ವಾಂಸರಿಗೆ ಎಂದಿಗೂ ತಪ್ಪದ ಅಸೂಯೆ ಎನ್ನಿಸಿತು. ಅವರು ಎರಡು ಕುರ್ಚಿಗಳನ್ನು ಎದುರುಬದುರು ಹಾಕಿಸಿ ಕೆಲಸಕ್ಕೆ ಕೂತರು.

ಮೊದಲ ದಿನ ಬಂದ ಮುದ್ದಮ್ಮ ಪೂರಿಗಾಲಿಯವಳು, ಅರವತ್ತು ದಾಟಿದ ಹೆಂಗಸು, ಗದ್ದೆ ಕೆಲಸದವಳು. ಸೂಜಿಗೆ ದಾರ ಪೋಣಿಸಲಾಗುತ್ತಿಲ್ಲ ಎಂದು ಕನ್ನಡಕಕ್ಕೆ ಬಂದಿದ್ದಳು. ಪಾರ್ಥಸಾರಥಿಯವರು ಬಲಗಣ್ಣು ಮುಚ್ಚಿಕೊಂಡು, ಅವಳ ಎಡಗಣ್ಣು ಮುಚ್ಚಿಸಿ, ಎಡಗೈಯನ್ನು ಪೂರ್ತಿ ಚಾಚಿ ಬೆರಳೆತ್ತಿದರು. ಮುದ್ದಮ್ಮ ತಕ್ಷಣ ಕಾಣ್ತದೆ ಎಂದಳು. ಅವರಿಗಿನ್ನೂ ಕಂಡಿರಲಿಲ್ಲ. ಕೈಯನ್ನು ಒಳಕ್ಕೆ ತಂದರು, ಇನ್ನಷ್ಟು ತಂದರು, ಕೊನೆಗೆ ತಮ್ಮ ಬೆರಳು ತಮಗೆ ಕಂಡಾಗ ಅವಳು ಕಾಣ್ತದೆ ಎಂದು ಐದನೆಯ ಸಲ ಹೇಳಿ ಆಕಳಿಸುತ್ತಿದ್ದಳು. ರೋಗಿ ಊಹೆಯ ಮೇಲೆ ಉತ್ತರ ಕೊಡುತ್ತಿದ್ದಾಳೆ ಎಂದು ಅವರು ಹಸಿರು ಇಂಕಿನಲ್ಲಿ ಬರೆದರು. ಸುಳ್ಳು ಹೇಳಬಾರದು, ಇದು ಕಣ್ಣಿನ ವಿಷಯ ಎಂದು ಬುದ್ಧಿಯನ್ನೂ ಹೇಳಿದರು.

"ಸುಳ್ಳೇಳಕೆ ನಾನೇನು ಓಟ್ ಕೇಳಾಕೆ ಬಂದಿದ್ದೀನಾ?" ಎಂದಳು ಮುದ್ದಮ್ಮ.

ಅವಳನ್ನು ಸಿಕ್ಕಿಸಲು ಪಾರ್ಥಸಾರಥಿಯವರು ಒಂದು ಉಪಾಯ ಹೂಡಿದರು. ಕೈ ಚಾಚಿದರು, ಆದರೆ ಬೆರಳನ್ನು ಮಡಚಿಯೇ ಇಟ್ಟುಕೊಂಡು, ಈಗ ಕಾಣ್ತಾ ಎಂದು ಕೇಳಿದರು. ಮುದ್ದಮ್ಮ ಅವರ ಕಣ್ಣನ್ನೇ ನೋಡುತ್ತ, ಕತ್ತು ಒಂದಿಷ್ಟೂ ಅಲುಗಿಸದೆ ಉತ್ತರ ಕೊಟ್ಟಳು.

"ಇನ್ನೂವೆ ಬೆಳ್ಳೇ ಎತ್ತಿಲ್ಲ ಕಣಪ್ಪ ನೀನು."

ಪಾರ್ಥಸಾರಥಿಯವರು ಊಹೆ ಎಂದು ಬರೆದಿದ್ದನ್ನು ಹೊಡೆದು ಹಾಕಿದರು. ಇವಳಿಗೆ ನಿಜಕ್ಕೂ ಕಾಣುತ್ತಿದೆ. ಕಾಣಬಾರದಷ್ಟು ಕಾಣುತ್ತಿದೆ. ಅಂದು ಪೂರಿಗಾಲಿಯಿಂದ ಬಂದ ಇನ್ನಿಬ್ಬರನ್ನೂ ನೋಡಿದರು. ಅವರಿಗೂ ಬಲಗಣ್ಣಿನ ಬಲಬದಿಯಲ್ಲಿ ಕಡೇಪಕ್ಷ ನಾಲ್ಕು ಬೆರಳಗಲ ಹೆಚ್ಚು. ತಮ್ಮ ಕಣ್ಣನ್ನು ಅವರು ಅನುಮಾನಿಸಲಿಲ್ಲವೇ ಎಂದರೆ, ಅನುಮಾನಿಸಿದರು. ಒಂದೊಂದೇ ಕಣ್ಣು ಮುಚ್ಚಿ ಚಾರ್ಟನ್ನು ಕಟ್ಟಕಡೆಯ ಸಾಲಿನವರೆಗೆ ಓದಿದರು. ಎರಡೂ ಪಾಸಾದವು.

ಆಮೇಲೆ ಪ್ರತಿ ಭಾನುವಾರ ಕುರ್ಚಿಗಳ ಸಮೇತ ಪೂರಿಗಾಲಿಗೇ ಹೋಗಿ, ಶಾಲೆಯ ಜಗುಲಿಯ ಮೇಲೆ ಅರವತ್ತಮೂರು ಜನರ ಕಣ್ಣು ಅಳೆದರು. ಅರವತ್ತೊಂದು ಜನರಿಗೆ ನೋಟ ಹೆಚ್ಚು. ಇಬ್ಬರಿಗೆ ಮಾತ್ರ ಪುಸ್ತಕದಲ್ಲಿ ಹೇಳಿದಂತೆ, ಅವರಿಗೆ ಕಂಡ ಗಳಿಗೆಯಲ್ಲೇ ಇವರಿಗೂ ಕಂಡಿತು. ಒಬ್ಬಳು ಅಂಗನವಾಡಿಯಲ್ಲಿ ಅಡುಗೆ ಮಾಡುವ ಮಂಗಳಮ್ಮ. ಇನ್ನೊಬ್ಬ ಪಂಚಾಯಿತಿಯ ಮಾಜಿ ಅಧ್ಯಕ್ಷ ಮರಿಸಿದ್ದಯ್ಯ. ಈ ಇಬ್ಬರ ಹೆಸರಿನ ಮುಂದೆ 'ನಾರ್ಮಲ್' ಎಂದು ಬರೆಯುವಾಗ ಪಾರ್ಥಸಾರಥಿಯವರಿಗೆ ಪಾಪ ಎನ್ನಿಸಿತು.

ಮರಿಸಿದ್ದಯ್ಯನಿಗೆ ಇದು ತಡೆಯಲಾರದ ಅವಮಾನವಾಯಿತು. ಮೊದಲೇ ಅವನು ನೊಂದ ಮನುಷ್ಯ. ಒಂದೂವರೆ ವರ್ಷದ ಹಿಂದೆ ಪಂಚಾಯಿತಿ ಚುನಾವಣೆಯಲ್ಲಿ ಹನ್ನೊಂದು ಓಟಿನಲ್ಲಿ ಸೋತಿದ್ದ. ಅಂದಿನಿಂದ ಅರಳಿಕಟ್ಟೆಯ ಮುಂದೆ ಹಾದು ಹೋದರೆ ಯಾರೂ ಎದ್ದು ನಿಲ್ಲುವುದಿಲ್ಲ, ಕೈ ಮುಗಿಯುವುದಿಲ್ಲ, ಅಧಿಕಾರ ಇದ್ದಾಗ ಒಂದು ಹೋದಾಗ ಒಂದು ಎಂದು ಸಿಕ್ಕವರಿಗೆಲ್ಲ ಹೇಳಿಕೊಳ್ಳುತ್ತಿದ್ದ. ಈಗ ಕೂಲಿಯವರಿಗೂ ಹೆಚ್ಚು ಕಾಣುವ ಊರಿನಲ್ಲಿ ತನಗೊಬ್ಬನಿಗೆ ನಾರ್ಮಲ್. ಅವನು ಮಳವಳ್ಳಿಗೆ ಎರಡು ಸಲ ಬಂದು ಮರುಪರೀಕ್ಷೆ ಮಾಡಿಸಿದ. ಎರಡು ಸಲವೂ ನಾರ್ಮಲ್. ಮೂರನೆಯ ಸಲ ಅಂಗಡಿಯ ಬಾಗಿಲು ಮುಂದಕ್ಕೆಳೆದು ತಗ್ಗಿದ ದನಿಯಲ್ಲಿ ಬೇಡಿಕೊಂಡ.

"ನಾಕು ಬೆಳ್ಳು ಬ್ಯಾಡ ಐನೋರೆ. ನಂದೇನು ದುರಾಸೆ ಇಲ್ಲ. ಎಲ್ರಿಗೂ ಇರೋವಾಗ ನಂಗೂ ಒಂದೆರಡು ಬೆಳ್ಳು ಬರ್ಕಬುಡಿ, ಮರ್ವಾದೆಗೆ."

ಪಾರ್ಥಸಾರಥಿಯವರು ವಿಜ್ಞಾನದಲ್ಲಿ ಶಿಫಾರಸು ನಡೆಯುವುದಿಲ್ಲ ಎಂದು ಕಟ್ಟುನಿಟ್ಟಾಗಿ ಹೇಳಿ ಕಳಿಸಿದರು. ಜೀವನದಲ್ಲಿ ಅವರು ಇಷ್ಟು ಪ್ರಾಮಾಣಿಕವಾಗಿ, ಇಷ್ಟು ಗಂಭೀರವಾಗಿ, ಇಷ್ಟು ದೊಡ್ಡ ತಪ್ಪನ್ನು ಹಿಂದೆಂದೂ ಮಾಡಿರಲಿಲ್ಲ.

ತನಗೆ ಸಿಗದ ಕೀರ್ತಿ ಊರಿಗಾದರೂ ಸಿಗಲಿ ಎಂದು ಮರಿಸಿದ್ದಯ್ಯ ಮುಂದಾಳತ್ವ ವಹಿಸಿದ. ಊರ ಬಾಗಿಲಿನಲ್ಲಿ ಫ್ಲೆಕ್ಸು ಬಂತು: 'ನಾಲ್ಕು ಬೆರಳು ಹೆಚ್ಚು ಕಾಣುವ ಊರಿಗೆ ಸ್ವಾಗತ.' ಅದರಲ್ಲಿ ಮರಿಸಿದ್ದಯ್ಯನ ಮುಖ ಎತ್ತಿನ ಗಾಡಿಯ ಚಕ್ರದಷ್ಟು, ಪಾರ್ಥಸಾರಥಿಯವರದು ತಟ್ಟೆಯಷ್ಟು, ಮೂಲೆಯಲ್ಲಿ ಒಂದು ಅನಾಮಿಕ ಕಣ್ಣು. ಕೃಷಿ ಇಲಾಖೆಯವರೊಬ್ಬರು ಬಂದು, ಇದು ಇಲಾಖೆ ಕೊಟ್ಟ ರಾಗಿ ತಳಿಯ ಪರಿಣಾಮ ಎಂದರು. ದೇವಸ್ಥಾನದ ಪೂಜಾರಿ ಇದಕ್ಕೆ ಬೇರೆ ಕಾರಣ ಹೇಳಿದ. ಆರೋಗ್ಯ ಇಲಾಖೆಯ ಸಾಹೇಬರು ನಂಬಲೂ ಇಲ್ಲ, ಬಿಡಲೂ ಇಲ್ಲ. ಮೂರು ಪ್ರತಿಯಲ್ಲಿ ವರದಿ ಕೇಳಿದರು. ಅವರ ಫಾರಂನಲ್ಲಿ ಕಡಿಮೆ ನೋಟಕ್ಕೆ ಆರು ಕಲಮುಗಳಿದ್ದವು, ಹೆಚ್ಚು ನೋಟಕ್ಕೆ ಒಂದೂ ಇರಲಿಲ್ಲ. ಮೇಲಿನವರನ್ನು ಕೇಳಿ ಒಂದು ಕಲಮು ಹಾಕಿಸುವುದಾಗಿ ಹೇಳಿದರು.

ಬದುವಿನ ಜಗಳದಲ್ಲಿ ಪಕ್ಕದೂರಿನವರಿಗೆ ಒಂದು ಹೊಸ ವಾದ ಸಿಕ್ಕಿತು. ನಾಲ್ಕು ಬೆರಳು ಹೆಚ್ಚು ಕಾಣುವುದರಿಂದಲೇ ನೀವು ವರ್ಷಕ್ಕೆ ನಾಲ್ಕು ಬೆರಳು ನಮ್ಮ ಗದ್ದೆಯೊಳಕ್ಕೆ ಬರುತ್ತಿರುವುದು ಎಂದರು. ಪೂರಿಗಾಲಿಯವರು ಇದನ್ನು ಅಲ್ಲಗಳೆಯಲಿಲ್ಲ. ಅಲ್ಲಗಳೆದರೆ ಫ್ಲೆಕ್ಸು ಸುಳ್ಳಾಗುತ್ತಿತ್ತು.

ಈ ಗದ್ದಲದ ನಡುವೆ ಪಾರ್ಥಸಾರಥಿಯವರ ಮನೆ ಮಾತ್ರ ತಣ್ಣಗಾಗಿತ್ತು. ಸುದರ್ಶನ್ ಅಕ್ಕನಿಗೆ ಗೌರಿ ಹಬ್ಬದ ಬಾಗಿನವನ್ನು ಬೇರೆಯವರ ಕೈಲಿ ಕಳಿಸಿದ. ಪ್ರತಿ ವರ್ಷ ತಾನೇ ಬಂದು, ಊಟ ಮಾಡಿ, ಎರಡನೆಯ ಸಲ ಹೋಳಿಗೆ ಬೇಡವೆಂದು ಹೇಳಿ ಹಾಕಿಸಿಕೊಳ್ಳುತ್ತಿದ್ದವನು. ಚೂಡಾಮಣಿಯವರು ಮೊರವನ್ನು ದೇವರ ಮುಂದಿಟ್ಟು ಅಡಿಗೆಮನೆಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ. ಪಾರ್ಥಸಾರಥಿಯವರಿಗೆ ನೋವಾಯಿತು. ಮಂಡ್ಯದಲ್ಲಿ ಒಂದು ಸಲ ಈ ಸಂಶೋಧನೆ ಒಪ್ಪಿಗೆಯಾಗಿಬಿಟ್ಟರೆ ಎಲ್ಲರೂ ತಾವಾಗಿಯೇ ಹತ್ತಿರ ಬರುತ್ತಾರೆ ಎಂದು ಸಮಾಧಾನ ಮಾಡಿಕೊಂಡರು.

ಮೂರು ತಿಂಗಳಿಗೆ ಮಂಡ್ಯದಲ್ಲಿ ಶಿಬಿರದ ಎರಡನೆಯ ಭಾಗ ನಡೆಯಿತು. ಶಿಬಿರಾರ್ಥಿಗಳು ತಮ್ಮ ಅನುಭವ ಹೇಳಬೇಕಿತ್ತು. ಪಾರ್ಥಸಾರಥಿಯವರು ಹಸಿರು ಇಂಕಿನ ರಿಜಿಸ್ಟರನ್ನೂ, ಸಾಕ್ಷಿಗೆಂದು ಒಂದು ಟೆಂಪೊ ತುಂಬ ಪೂರಿಗಾಲಿಯವರನ್ನೂ ಕರೆದುಕೊಂಡು ಹೋದರು. ಮುಂದಿನ ಸೀಟಿನಲ್ಲಿ ಮರಿಸಿದ್ದಯ್ಯ, ಹಿಂದೆ ಮುದ್ದಮ್ಮ ಮತ್ತಿತರರು. ಸಭೆಯಲ್ಲಿ ಅವರು ಮುಕ್ಕಾಲು ಗಂಟೆ ಮಾತಾಡಿದರು. ಬಲಗಣ್ಣಿನ ಬಲಬದಿ, ಅರವತ್ತೊಂದು ಜನ, ನೀರಿನ ಗುಣ, ರಾಗಿಯ ಗುಣ ಎಲ್ಲ ಹೇಳಿ, ಇದಕ್ಕೆ ಏನು ಹೆಸರಿಡಬೇಕೆಂಬುದನ್ನು ಸಭೆಗೇ ಬಿಟ್ಟರು. ಸಭೆ ಚಪ್ಪಾಳೆ ತಟ್ಟಿತು. ಕೆರಗೋಡಿನ ಸಿದ್ದೇಶ್ ಮಾತ್ರ ತಟ್ಟಲಿಲ್ಲ. ಅವನು ಡಾಕ್ಟರ್ ಚಿತ್ರಾ ಅವರ ಮುಖ ನೋಡಿದ, ಆಕೆ ಅವನ ಮುಖ ನೋಡಿದರು.

ಆಕೆ ಮುದ್ದಮ್ಮನನ್ನು ಎದುರಿಗೆ ಕೂರಿಸಿಕೊಂಡು ಬೆರಳೆತ್ತಿದರು. ಇಬ್ಬರಿಗೂ ಒಂದೇ ಗಳಿಗೆಯಲ್ಲಿ ಕಂಡಿತು. ಸಿದ್ದೇಶನನ್ನು ಕೂರಿಸಿದರು, ಅವನಿಗೂ ಮುದ್ದಮ್ಮನಿಗೂ ಒಂದೇ ಗಳಿಗೆಯಲ್ಲಿ ಕಂಡಿತು. ಟೆಂಪೊದಿಂದ ಇನ್ನಿಬ್ಬರು ಬಂದು ಕೂತರು, ಅವರಿಗೂ ಅಷ್ಟೇ. ಪಾರ್ಥಸಾರಥಿಯವರು ಇದೇನೋ ಮಂಡ್ಯದ ಬೆಳಕಿನ ದೋಷವಿರಬೇಕು ಎನ್ನುವಷ್ಟರಲ್ಲಿ ಆಕೆ ಎಲ್ಲರಿಗೂ ಟೀಗೆ ಹೋಗಲು ಹೇಳಿದರು. ಟೀ ಎಂದ ಕೂಡಲೇ ಸಭಾಂಗಣ ಖಾಲಿಯಾಯಿತು. ಕಾಗದದ ಲೋಟದಲ್ಲಿ ಕುಡಿಯುವ ಅಭ್ಯಾಸವಿಲ್ಲದ ಮುದ್ದಮ್ಮ ಮಾತ್ರ ಪಕ್ಕದ ಬೆಂಚಿನಲ್ಲಿ ಕೂತೇ ಇದ್ದಳು.

"ಸರ್, ನೀವು ಒಂದು ನಿಮಿಷ ಕೂತ್ಕೊಳ್ಳಿ. ಬಲಗಣ್ಣು ಮುಚ್ಚಿಕೊಳ್ಳಿ. ನನ್ನ ಕಣ್ಣನ್ನೇ ನೋಡ್ತಿರಿ," ಎಂದರು ಡಾಕ್ಟರ್ ಚಿತ್ರಾ.

ಪಾರ್ಥಸಾರಥಿಯವರು ಕೂತರು. ಆಕೆಯ ಕಣ್ಣು ಎದುರಿಗಿತ್ತು, ಅದು ಚೆನ್ನಾಗಿಯೇ ಕಾಣುತ್ತಿತ್ತು. ಅದರಲ್ಲೊಂದು ಮರುಕವಿತ್ತು, ಅದೂ ಕಂಡಿತು. ಆ ಕ್ಷಣದಲ್ಲಿ ಅವರಿಗೆ ಎಲ್ಲವೂ ತಿಳಿದುಹೋಯಿತು. ಕಲಿತ ಮನುಷ್ಯ, ದಡ್ಡನೇನಲ್ಲ. ಆದರೆ ಹೊರಗೆ ಟೆಂಪೊ ನಿಂತಿತ್ತು, ಊರ ಬಾಗಿಲಲ್ಲಿ ಫ್ಲೆಕ್ಸು ನಿಂತಿತ್ತು, ಅಂಗಡಿಯಲ್ಲಿ ವೆಂಕಟರಮಣಸ್ವಾಮಿ ಒಂದು ಮೊಳ ಪಕ್ಕಕ್ಕೆ ಸರಿದಿದ್ದ. ಇಷ್ಟು ಹೊತ್ತಿಗೆ ಬೆರಳು ಬಂದಿರಬೇಕು ಎಂದು ಲೆಕ್ಕ ಹಾಕಿ ಅವರು ಹೇಳಿದರು, "ಕಾಣ್ತಿದೆ."

ಬೆಂಚಿನಿಂದ ಮುದ್ದಮ್ಮನ ದನಿ ಬಂತು. ಅದರಲ್ಲಿ ಕೊಂಕಿರಲಿಲ್ಲ.

"ಮೇಡಮ್ಮೋರು ಇನ್ನೂವೆ ಬೆಳ್ಳೇ ಎತ್ತಿಲ್ಲ ಕಣಪ್ಪ."

ಆಮೇಲೆ ಬೆರಳು ಬಂತು. ಬಂತು ಎಂದು ಮುದ್ದಮ್ಮನಿಗೆ ಗೊತ್ತು, ಡಾಕ್ಟರಿಗೆ ಗೊತ್ತು. ಅದು ಹೆಚ್ಚುಕಡಿಮೆ ಅವರ ಮೂಗಿನ ಎದುರಿಗೆ ಬಂದು ನಿಂತ ಮೇಲೆ ಅವರಿಗೂ ಕಂಡಿತು.

ಒಳಗೆ ಯಂತ್ರದಲ್ಲಿ ಒತ್ತಡ ಅಳೆದರು, ಕಣ್ಣಿನ ನರ ನೋಡಿದರು. ಎಡಗಣ್ಣಿನಲ್ಲಿ ಹೋದದ್ದು ಇನ್ನು ಬರುವುದಿಲ್ಲ ಎಂದು ಡಾಕ್ಟರ್ ಚಿತ್ರಾ ನೇರವಾಗಿಯೇ ಹೇಳಿದರು. ಬಲಗಣ್ಣಿನಲ್ಲಿ ಈಗಷ್ಟೇ ಶುರುವಾಗಿದೆ. ದಿನವೂ ತಪ್ಪದೆ ಹನಿ ಹಾಕಿಕೊಂಡರೆ, ಬದುಕಿರುವ ತನಕ ಹಾಕಿಕೊಂಡರೆ, ಉಳಿದದ್ದನ್ನು ಉಳಿಸಿಕೊಳ್ಳಬಹುದು. ಇನ್ನೆರಡು ವರ್ಷ ಹೀಗೇ ಬಿಟ್ಟಿದ್ದರೆ ಹೇಳುವುದಕ್ಕೆ ಏನೂ ಇರುತ್ತಿರಲಿಲ್ಲ. ಕೊನೆಯ ಗಂಟೆಯಲ್ಲಿ ನೀವು ಎದ್ದು ಹೋಗದೆ ಇದ್ದಿದ್ದರೆ ಅವತ್ತೇ ಗೊತ್ತಾಗುತ್ತಿತ್ತು ಎಂದೂ ಸೇರಿಸಿದರು. ಪಾರ್ಥಸಾರಥಿಯವರು ಅದನ್ನು ಹಸಿರು ಇಂಕಿನಲ್ಲಿ ಬರೆದುಕೊಳ್ಳಲಿಲ್ಲ.

ಹೆಂಡತಿಗೆ ಫೋನ್ ಮಾಡಿದರು. ಎಲ್ಲ ಕೇಳಿಸಿಕೊಂಡು ಚೂಡಾಮಣಿಯವರು, ಯಾವ ಕಡೆ ಎಂದು ಕೇಳಿದರು. ಎಡಗಡೆ ಎಂದರು ಇವರು.

"ಅವತ್ತು ಬಸ್ ಸ್ಟ್ಯಾಂಡಿನಲ್ಲಿ ಸುದರ್ಶನ ಯಾವ ಕಡೆ ನಿಂತಿದ್ದ?"

"ಎಡಗಡೆ ಅಂತ ಅವನೇ ಹೇಳಿದ್ದಲ್ಲ."

ಅತ್ತಲಿಂದ ಚೂಡಾಮಣಿಯವರು ಅಳುವುದು ಕೇಳಿಸಿತು. ಬೇಕು ಅಂತಲೇ ಮಾಡಿದ್ರಿ ಎಂದುಬಿಟ್ಟೆನಲ್ಲ ಎಂದು ಅತ್ತರು. ಪಾರ್ಥಸಾರಥಿಯವರಿಗೆ ಹೆದರಿಕೆಯೂ ಆಯಿತು, ಜೊತೆಗೆ ಮೂರು ತಿಂಗಳ ಮೇಲೆ ಮನೆ ಮತ್ತೆ ಬೆಚ್ಚಗಾದ ಸಮಾಧಾನವೂ ಆಯಿತು. ಬರುವಾಗ ಮದ್ದೂರಿನಲ್ಲಿ ಇಳಿದು ಸುದರ್ಶನನ ಕೈ ಹಿಡಿದುಕೊಂಡು ಎಲ್ಲ ಹೇಳಿ ಬನ್ನಿ ಎಂದು ಆಕೆ ಹೇಳಿದರು.

ರಿಜಿಸ್ಟರನ್ನು ಹರಿದು ಹಾಕಬೇಕೆಂದು ತೆಗೆದರು. ಅರವತ್ತೊಂದು ಜನರ ಮುಂದೆ 'ಹೆಚ್ಚು' ಎಂದಿತ್ತು; ಹಾಗೆಂದರೆ ಅವರೆಲ್ಲ ಸರಿಯಾಗಿದ್ದಾರೆ, ತಾನೇ ಕಡಿಮೆ. ಅಷ್ಟು ಸರಿ. ಪುಟ ಹರಿಯಲು ಹಿಡಿದ ಕೈ ಇಬ್ಬರ ಹೆಸರಿನ ಮೇಲೆ ನಿಂತಿತು. ಮಂಗಳಮ್ಮ, ನಾರ್ಮಲ್. ಮರಿಸಿದ್ದಯ್ಯ, ನಾರ್ಮಲ್. ಈ ಇಬ್ಬರಿಗೆ ಬೆರಳು ಕಂಡದ್ದು ತನ್ನ ಹಾಳು ಕಣ್ಣಿಗೆ ಕಂಡ ಗಳಿಗೆಯಲ್ಲಿ. ಹಾಗಾದರೆ ಅವರ ಕಣ್ಣೂ ತನ್ನ ಕಣ್ಣಿನಂತೆಯೇ. ಮೂರು ಸಲ ಬಂದು ಕೂತ ಮನುಷ್ಯನನ್ನು ಮೂರು ಸಲವೂ ನೀನು ಸರಿಯಾಗಿದ್ದೀಯೆ ಎಂದು ಕಳಿಸಿದ್ದೇನೆ. ತಮ್ಮ ಕಣ್ಣಿನ ಸುದ್ದಿ ಕೇಳಿದಾಗ ಕೂತಲ್ಲೇ ಕೂತಿದ್ದ ಪಾರ್ಥಸಾರಥಿಯವರು ಈಗ ಎದ್ದು ಹೊರಕ್ಕೆ ಓಡಿದರು. ಓಡುವಾಗ ಬಾಗಿಲಿನ ಎಡಗಡೆಯ ಚೌಕಟ್ಟು ಭುಜಕ್ಕೆ ಬಡಿಯಿತು.

ಟೆಂಪೊ ಪಕ್ಕದಲ್ಲಿ ಮರಿಸಿದ್ದಯ್ಯ ಡ್ರೈವರನ ಮುಂದೆ ದುಃಖ ತೋಡಿಕೊಳ್ಳುತ್ತಿದ್ದ. ಈಗ ತಾನೇ ಬಲಗಡೆಯಿಂದ ಊರಿನವನೇ ಒಬ್ಬ ದಾಟಿ ಹೋದನಂತೆ, ಆಮೇಲೆ ಬೆನ್ನಷ್ಟೇ ಕಂಡಿತಂತೆ, ಮಾತಾಡಿಸಲೂ ಇಲ್ಲವಂತೆ. ಪಾರ್ಥಸಾರಥಿಯವರು ಅವನ ತೋಳು ಹಿಡಿದು ಒಳಗೆ ಕರೆತಂದು ಡಾಕ್ಟರ ಎದುರಿಗೆ ಕೂರಿಸಿದರು. ಮರುಪರೀಕ್ಷೆ ಎಂದು ಮರಿಸಿದ್ದಯ್ಯ ಖುಷಿಯಾಗಿಯೇ ಕೂತ. ಬೆರಳು ಬಂತು, ಇನ್ನೂ ಬಂತು, ಅವನು ಕಾದೇ ಇದ್ದ. ಡಾಕ್ಟರ್ ಕೈ ಇಳಿಸಿದ ಮೇಲೆ ಅವನು ಎಲ್ಲರ ಮುಖವನ್ನೂ ನೋಡಿದ.

"ಅಂಗಾರೆ ನಂಗೆ ಜಾಸ್ತಿ ಇಲ್ವಾ?"

"ಯಾರಿಗೂ ಜಾಸ್ತಿ ಇಲ್ಲ ಮರಿಸಿದ್ದಯ್ಯನೋರೆ. ಊರಿಗೆಲ್ಲ ಸರಿಯಾಗೇ ಇದೆ. ನಿಮಗೂ ನನಗೂ ಕಡಿಮೆ," ಎಂದರು ಪಾರ್ಥಸಾರಥಿ. "ತಪ್ಪು ನನ್ನದು. ಮೂರು ಸಲ ತಪ್ಪು ಬರೆದೆ."

ಅವನ ಕಣ್ಣೂ ಉಳಿಯುವ ಹಂತದಲ್ಲಿತ್ತು. ಅವನಿಗೂ ಹನಿ ಬರೆದುಕೊಟ್ಟರು. ಮಂಗಳಮ್ಮನನ್ನು ನಾಳೆಯೇ ಕರೆತರಬೇಕೆಂದು ತೀರ್ಮಾನವಾಯಿತು.

ಟೆಂಪೊ ಮದ್ದೂರಿಗೆ ಬಂದಾಗ ರಸ್ತೆ ಬದಿಯಲ್ಲಿ ಸುದರ್ಶನ್ ನಿಂತಿದ್ದ. ಅಕ್ಕ ಆಗಲೇ ಫೋನ್ ಮಾಡಿದ್ದಳು. ಅವನು ನಿಂತಿದ್ದದ್ದು ಎಡಗಡೆ. ಭಾವ ಇಳಿಯುವುದನ್ನು ನೋಡಿ ಅವರನ್ನು ಸುತ್ತಿಕೊಂಡು ಅವರ ಬಲಗಡೆಗೆ ಬಂದ. ಪಾರ್ಥಸಾರಥಿಯವರು ಅವನ ಕೈ ಹಿಡಿದುಕೊಂಡು ಎಲ್ಲ ಹೇಳಿದರು. ಕೊನೆಗೆ ಸುದರ್ಶನ್, ಹೆಡ್‌ಮಾಸ್ಟರರ ಪಂಚೆ ಒಗೆದ ಮೇಲೆ ಚೆನ್ನಾಗಿಯೇ ಆಯಿತು ಭಾವ ಎಂದ.

ಟೆಂಪೊ ಪೂರಿಗಾಲಿಯ ಕಡೆ ಹೊರಟಿತು. ನಾಲ್ಕು ಬೆರಳು ಕಳೆದುಕೊಂಡ ಊರಿನವರು ಮಂಕಾಗಿ ಕೂತಿದ್ದರು. ಮರಿಸಿದ್ದಯ್ಯ ಮಾತ್ರ ಬೇರೇನೋ ಯೋಚಿಸುತ್ತಿದ್ದ. ಪೂರಿಗಾಲಿ ಹತ್ತಿರವಾದಾಗ ಹಿಂದಕ್ಕೆ ತಿರುಗಿ ಮುದ್ದಮ್ಮನನ್ನು ಕೇಳಿದ.

"ಅಲ್ಲ ಕಣಮ್ಮ, ಅರಳಿಕಟ್ಟೆ ತಾವ ನಾನು ಓಯ್ತಿದ್ರೆ ಬಲಗಡೆ ಕುಂತೋರು ಏನ್ಮಾಡ್ತಿದ್ರು?"

"ಎದ್ದು ನಿಂತ್ಕತಿದ್ರು ಕಣಪ್ಪ. ಕೈನೂ ಮುಗೀತಿದ್ರು. ನೀನೇ ನೋಡ್ದಂಗೆ ಓಯ್ತಿದ್ದೆ. ಸೋತ್ಮ್ಯಾಲೆ ಇವನಿಗೆ ಸೊಕ್ಕು ಬಂತು ಅಂತ ಊರೆಲ್ಲ ಆಡ್ಕತಿತ್ತು."

ಮರಿಸಿದ್ದಯ್ಯ ಒಂದೂವರೆ ವರ್ಷವನ್ನು ಮನಸ್ಸಿನಲ್ಲಿ ಹಿಂದಕ್ಕೂ ಮುಂದಕ್ಕೂ ತಿರುವಿ ನೋಡಿದ. ಪಕ್ಕದಲ್ಲಿದ್ದ ಪಾರ್ಥಸಾರಥಿಯವರು ಅವನ ಕೈಯ ಮೇಲೆ ಕೈಯಿಟ್ಟರು. ಟೆಂಪೊ ಫ್ಲೆಕ್ಸನ್ನು ದಾಟಿ ಊರೊಳಕ್ಕೆ ತಿರುಗಿತು, ಸಂಜೆಯ ಬಿಸಿಲಿನ್ನೂ ಇತ್ತು. ಮರಿಸಿದ್ದಯ್ಯ ಸೀಟಿನಲ್ಲಿ ನೆಟ್ಟಗೆ ಕೂತು ಕತ್ತನ್ನು ಪೂರ್ತಿ ಬಲಕ್ಕೆ ತಿರುಗಿಸಿದ. ಅರಳಿಕಟ್ಟೆಯ ಮೇಲಿದ್ದ ಮೂವರು ಅವನನ್ನು ಕಂಡು ಎದ್ದು ನಿಂತು ಕೈ ಮುಗಿದಿದ್ದರು. ಅವನು ಟೆಂಪೊ ನಿಲ್ಲಿಸಲು ಹೇಳಿದ.